ಹಡಗಿಗೆ ಗ್ಯಾಸ್ ಹಾಕಿಸುವ ಮೊದಲು: ಯಾವ ಗ್ಯಾಸ್, ಎಲ್ಲಿ, ಹೇಗೆ

ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಹುಡುಗ ಬಂದು ನಮ್ಮ ಜಗಲಿಯಲ್ಲಿ ಕೂತ. ಕೆಡೆಟ್ ಆಗಿ ಮೊದಲ ಸಲ ಬಲ್ಕ್ ಹಡಗಿಗೆ ಹೊರಟಿದ್ದ. ಗೋಧಿ, ಸೋಯಾ ಸಾಗಿಸುವ ಹಡಗು. ಸರಕಿನ ಹುಳ ಸಾಯಿಸಲು ಅಂಥ ಹಡಗಿನೊಳಗೆ ವಿಷದ ಗ್ಯಾಸ್ ಬಿಡುತ್ತಾರೆ. "ಮಾವ, ಗ್ಯಾಸ್ ಹಾಕಿದ ಹಡಗಲ್ಲಿ ಮಲಗ್ಲಿಕ್ಕೆ ಆಗ್ತದಾ?" ಅಂತ ಕೇಳಿದ. ಅವನ ಅಮ್ಮ ಗೇಟಿನ ಹತ್ತಿರವೇ ನಿಂತಿದ್ದರು. ಉತ್ತರ ಅವರಿಗೂ ಬೇಕಿತ್ತು.

ಕುಂಬಳೆಯಿಂದ ಉದುಮದವರೆಗೆ ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಮರ್ಚೆಂಟ್ ನೇವಿಯವರು ಇಲ್ಲದ ಊರು ಕಡಿಮೆ. ನಾನೂ 22 ವರ್ಷ ಡೆಕ್ಕಿನಲ್ಲಿ ದುಡಿದೆ. ಕೊನೆಯ ವರ್ಷಗಳಲ್ಲಿ ಚೀಫ್ ಮೇಟ್, ಅಂದರೆ ಡೆಕ್ಕಿನಲ್ಲಿ ಕ್ಯಾಪ್ಟನ್ ನಂತರದ ಆಫೀಸರ್ ಆಗಿದ್ದೆ. ಹೋಲ್ಡಿಗೆ, ಅಂದರೆ ಸರಕು ತುಂಬುವ ಕೋಣೆಗೆ, ಗ್ಯಾಸ್ ಹಾಕಿಸುವ ತಯಾರಿ ಆ ಹುದ್ದೆಯವನ ತಲೆಮೇಲೆಯೇ ಬೀಳುತ್ತದೆ. ಹುಡುಗನಿಗೆ ಒಂದೇ ಮಾತಿನಲ್ಲಿ ಹೌದು, ಇಲ್ಲ ಅನ್ನಲಿಕ್ಕೆ ಆಗಲಿಲ್ಲ. ಹಾಕಿದ್ದು ಯಾವ ಗ್ಯಾಸ್, ಹಡಗು ಬಂದರಿನಲ್ಲಿದೆಯಾ ಕಡಲಿನಲ್ಲಿದೆಯಾ, ಗ್ಯಾಸ್ ಬಿಡುವ ಮಾತ್ರೆಯನ್ನು ಹೇಗೆ ಇಟ್ಟಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹೋಲ್ಡಿನಿಂದ ಜನ ಮಲಗುವ ಕೋಣೆಯವರೆಗೆ ಎಲ್ಲೆಲ್ಲಿ ತೂತಿದೆ ಎಂದು ಯಾರಾದರೂ ಹುಡುಕಿದ್ದಾರಾ ಎಂಬುದು. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹಡಗಿಗೆ ಹೋಗುವವರಿಗೆ, ಹಡಗಿನಲ್ಲಿ ಅಕ್ಕಿ ಕಳಿಸುವವರಿಗೆ, ಇಬ್ಬರಿಗೂ ಉಪಯೋಗಕ್ಕೆ ಬರಬಹುದು.

ಎರಡು ಗ್ಯಾಸ್

ಅಕ್ಕಿ ಗೋದಾಮಿನಲ್ಲಿ ಗೋಣಿಗಳಿಗೆ ಟಾರ್ಪಾಲ್ ಹೊದೆಸಿ ಅಡಿಯಲ್ಲಿ ಬೂದು ಬಣ್ಣದ ಮಾತ್ರೆ ಇಡುವುದನ್ನು ನೀವು ನೋಡಿರಬಹುದು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಹಡಗಿಗೂ ಹೆಚ್ಚಾಗಿ ಅದೇ. 3 ಗ್ರಾಂ ತೂಕದ ಒಂದು ಮಾತ್ರೆ ಗಾಳಿಯ ತೇವ ಹೀರಿಕೊಂಡು 1 ಗ್ರಾಂ ಫಾಸ್ಫಿನ್ ಗ್ಯಾಸ್ ಬಿಡುತ್ತದೆ. ಹುಳ ಸಾಯುವುದು ಆ ಗ್ಯಾಸಿನಿಂದ. ಕೊನೆಗೆ ಬೂದಿಯಂಥ ಪುಡಿ ಉಳಿಯುತ್ತದೆ. ಫಾಸ್ಫಿನ್ ಗಾಳಿಗಿಂತ ಸ್ವಲ್ಪವೇ ಭಾರ. ಹಾಗಾಗಿ ಮೂಲೆ ಮೂಲೆಗೂ ಹರಡುತ್ತದೆ, ಕಾಳಿನ ಒಳಗೂ ನುಗ್ಗುತ್ತದೆ. ಆದರೆ ಅದಕ್ಕೆ ಸಮಯ ಬೇಕು. ದೊಡ್ಡ ಹುಳ ಬೇಗ ಸಾಯುತ್ತದೆ. ಮೊಟ್ಟೆ ಮತ್ತು ಕೋಶದೊಳಗಿನ ಹುಳ ಹಟ ಹಿಡಿದು ಬದುಕುತ್ತವೆ. ಅದಕ್ಕೇ ದಿನಗಟ್ಟಲೆ ಮುಚ್ಚಿಡಬೇಕು. ಚಳಿಯಲ್ಲಿ ಕೆಲಸ ಇನ್ನೂ ನಿಧಾನ. ಸರಕಿನ ಬಿಸಿ 10 ಡಿಗ್ರಿಗಿಂತ ಕೆಳಗಿದ್ದರೆ ಫಾಸ್ಫಿನ್ ಮೇಲೆ ಭರವಸೆ ಇಡಬೇಡಿ.

ಇನ್ನೊಂದು ಮಿಥೈಲ್ ಬ್ರೋಮೈಡ್. ಸಿಲಿಂಡರಿನಲ್ಲಿ ಬರುತ್ತದೆ. 3.6 ಡಿಗ್ರಿಯಲ್ಲೇ ಕುದಿದು ಗ್ಯಾಸ್ ಆಗುತ್ತದೆ, ಗಾಳಿಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ. ಇದರ ದೊಡ್ಡ ಗುಣ ವೇಗ. ಫಾಸ್ಫಿನ್‌ಗೆ ದಿನಗಟ್ಟಲೆ ಹಿಡಿಯುವ ಕೆಲಸ ಇದರಲ್ಲಿ ಸಾಮಾನ್ಯವಾಗಿ 24 ಗಂಟೆಯಲ್ಲಿ ಮುಗಿಯುತ್ತದೆ. ಮೊಟ್ಟೆಯನ್ನೂ ಬಿಡುವುದಿಲ್ಲ. ಆದರೆ ಓಝೋನ್ ಪದರವನ್ನು ತಿನ್ನುವ ಗ್ಯಾಸ್ ಇದು. 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಆಮೇಲೆ ಸೇರಿತು. ಮುಂದುವರಿದ ದೇಶಗಳು 2005ಕ್ಕೆ, ನಮ್ಮಂಥ ದೇಶಗಳು 2015ಕ್ಕೆ ಇದರ ಮಾಮೂಲಿ ಬಳಕೆ ನಿಲ್ಲಿಸಬೇಕಾಯಿತು. ಕ್ವಾರಂಟೈನ್ ಕೆಲಸಕ್ಕೆ ಮತ್ತು ಹಡಗಿಗೇರುವ ಮೊದಲಿನ ಉಪಚಾರಕ್ಕೆ ಮಾತ್ರ ವಿನಾಯಿತಿ ಉಳಿದಿದೆ. ಬಿತ್ತನೆ ಬೀಜಕ್ಕೆ ಇದನ್ನು ಹಾಕಿದರೆ ಮೊಳಕೆ ಕೆಡುವ ಭಯವೂ ಇದೆ.

ವಾಸನೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಸಣ್ಣವರಿದ್ದಾಗ ಬಾಳೆಗೊನೆ ಹಣ್ಣು ಮಾಡಲು ಕಾರ್ಬೈಡ್ ಇಟ್ಟ ಕೋಣೆಯ ಬಾಗಿಲು ತೆಗೆದರೆ ಮೂಗಿಗೆ ಬೆಳ್ಳುಳ್ಳಿಯಂಥ ಕೆಟ್ಟ ಘಾಟು ಹೊಡೆಯುತ್ತಿತ್ತು. ಕಾರ್ಬೈಡಿಗೆ ಆ ವಾಸನೆ ಬರುವುದಕ್ಕೆ ಅದರಲ್ಲಿ ಬೆರೆತ ಚೂರು ಫಾಸ್ಫಿನ್ ಕಾರಣ. ಮಾತ್ರೆಯಿಂದ ಬರುವ ಗ್ಯಾಸಿಗೂ ಅದೇ ವಾಸನೆ. ಆದರೆ ಅಪ್ಪಟ ಫಾಸ್ಫಿನ್‌ಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ವಾಸನೆ ಕೊಡುವುದು ಅದರ ಜೊತೆಯ ಬೆರಕೆ. ಆ ಬೆರಕೆಯನ್ನು ಧಾನ್ಯ ಹೀರಿಕೊಂಡರೆ ಗ್ಯಾಸ್ ಇದ್ದೂ ವಾಸನೆ ಇರುವುದಿಲ್ಲ. ವಾಸನೆ ಬಂದರೆ ಓಡಿ. ಬರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮಿಥೈಲ್ ಬ್ರೋಮೈಡಿಗಂತೂ ಅಪಾಯದ ಮಟ್ಟ ಮುಟ್ಟಿದರೂ ವಾಸನೆ ಇಲ್ಲ. ಅದಕ್ಕೇ ಕೆಲವು ಕಡೆ ಕಣ್ಣು ಉರಿಸುವ ಕ್ಲೋರೋಪಿಕ್ರಿನ್ ಅನ್ನು ಸ್ವಲ್ಪ ಬೆರೆಸುತ್ತಾರೆ.

ಹಾಗಾದರೆ ಆಯ್ಕೆ? ಹಡಗಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಉಳಿಯುವುದಾದರೂ ಮಿಥೈಲ್ ಬ್ರೋಮೈಡ್ ಬೇಡ. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಅಂತಾರಾಷ್ಟ್ರೀಯ ಸಾಗರ ಸಂಸ್ಥೆ 2008ರಲ್ಲಿ ಹೊರಡಿಸಿದ ಸುತ್ತೋಲೆಯೂ ಅದನ್ನೇ ಹೇಳುತ್ತದೆ. ಆ ಗ್ಯಾಸ್ ಹಾಕುವುದಿದ್ದರೆ ಹಡಗು ಬಂದರಿನೊಳಗೇ ಇರಬೇಕು, ಜನರೆಲ್ಲ ಇಳಿದಿರಬೇಕು. ಕಡಲಿನಲ್ಲಿ ಸಾಗುವಾಗ ಹಾಕಲೇಬಾರದು.

ಬಂದರಿನಲ್ಲೋ, ದಾರಿಯಲ್ಲೋ

ದುಡ್ಡಿನ ಲೆಕ್ಕ ನೋಡುವವರು ದಾರಿಯಲ್ಲೇ ಆಗಲಿ ಅನ್ನುತ್ತಾರೆ. ಅದಕ್ಕೆ ಕಾರಣವಿದೆ. ಹಡಗು ದಕ್ಕೆಯಲ್ಲಿ ನಿಂತಷ್ಟು ದಿನವೂ ಖರ್ಚು. ಜನರನ್ನೆಲ್ಲ ಇಳಿಸಿ ಲಾಡ್ಜಿನಲ್ಲಿ ಇಡಬೇಕು. ಕಾಕಿನಾಡದಿಂದ ಪಶ್ಚಿಮ ಆಫ್ರಿಕಾಕ್ಕೆ ಅಕ್ಕಿ ಹೊರಟರೆ ಹೇಗೂ ಒಂದು ತಿಂಗಳ ಆಸುಪಾಸಿನ ದಾರಿ. ಆ ಸಮಯವನ್ನೇ ಗ್ಯಾಸಿಗೆ ಬಿಟ್ಟುಕೊಡಬಹುದು. ಆದರೆ ಪಣಂಬೂರಿನಿಂದ ಕೊಲ್ಲಿಯ ಬಂದರಿಗೆ ನಾಲ್ಕೈದು ದಿನದ ದಾರಿ. ಆಳದ ಹೋಲ್ಡಿಗೆ ಅಷ್ಟು ಸಾಕಾಗುವುದಿಲ್ಲ. ಅರ್ಧಂಬರ್ಧ ಸತ್ತ ಹುಳ ಆ ಕಡೆ ಮತ್ತೆ ಎದ್ದು ಬಂದರೆ ಸರಕು ತಿರಸ್ಕಾರ ಆಗಬಹುದು, ಇನ್ನೊಮ್ಮೆ ಗ್ಯಾಸ್ ಹಾಕಬೇಕಾಗಬಹುದು. ಅದಕ್ಕಿಂತ ಕೆಟ್ಟದ್ದು, ಗ್ಯಾಸ್ ಬಿಟ್ಟು ಮುಗಿಯದ ಮಾತ್ರೆಯ ಜೊತೆಗೇ ಹ್ಯಾಚ್, ಅಂದರೆ ಹೋಲ್ಡಿನ ಬಾಯಿಯ ಮುಚ್ಚಳ ತೆಗೆಯಬೇಕಾಗುತ್ತದೆ. ಸಣ್ಣ ದಾರಿಗೆ ನನ್ನ ಮಾತು ಒಂದೇ: ಬಂದರಿನಲ್ಲೇ ಮಾಡಿಸಿ, ಅಥವಾ ಲೋಡ್ ಆಗುವ ಮೊದಲೇ ಗೋದಾಮಿನಲ್ಲಿ ಮುಗಿಸಿ.

ಬಂದರಿನಲ್ಲಿ ಮಾಡಿಸಿದರೆ ತಯಾರಿ ಸುಲಭ ಅಂದುಕೊಳ್ಳಬೇಡಿ. ಒಬ್ಬೊಬ್ಬರ ಹೆಸರು ಕರೆದು ಇಳಿಸಬೇಕು. ಕ್ಯಾಬಿನ್, ಸ್ಟೋರ್, ಎಂಜಿನ್ ರೂಮು ಎಲ್ಲವನ್ನೂ ಸುತ್ತಿ ನೋಡಬೇಕು. ರಾತ್ರಿ ಪಾಳಿ ಮುಗಿಸಿ ಮಲಗಿದ ಹುಡುಗ ಕರೆದದ್ದು ಕೇಳದೆ ಒಳಗೆ ಉಳಿದಿರಬಹುದು. ಕದ್ದು ಹತ್ತಿದವರು ಇರಬಹುದು. ಗ್ಯಾಂಗ್‌ವೇಯಲ್ಲಿ ಕಾವಲುಗಾರ ಬೇಕು, ತಲೆಬುರುಡೆಯ ಚಿತ್ರವಿರುವ ಎಚ್ಚರಿಕೆಯ ಹಾಳೆ ಪ್ರತಿ ಬಾಗಿಲಿಗೂ ಬೇಕು. ಗ್ಯಾಸ್ ಇಲ್ಲ ಎಂದು ಫ್ಯುಮಿಗೇಟರ್ (ಗ್ಯಾಸ್ ಹಾಕುವ ಕೆಲಸದವನು) ಬರೆದು ಕೊಡುವವರೆಗೆ ಕ್ಯಾಪ್ಟನ್ ಕೂಡ ಹತ್ತುವಂತಿಲ್ಲ.

ಹೋಲ್ಡ್ ಖಾಲಿ ಇದ್ದು, ಹಿಂದಿನ ಸರಕಿನ ಕಾಳುಗಳಲ್ಲಿ ಮಾತ್ರ ಹುಳ ಇದ್ದರೆ ಗ್ಯಾಸೇ ಬೇಡ ಅಂತ ನನ್ನ ಸಲಹೆ. ಗುಡಿಸಿ, ಬೀಮುಗಳ ಮೇಲೆ ಕೂತ ಧೂಳು ಕೆರೆದು, ತೊಳೆದು ಒಣಗಿಸಿ, ಬೇಕಿದ್ದರೆ ಔಷಧಿ ಸ್ಪ್ರೇ ಮಾಡಿ. ಸಂದಿಯಲ್ಲಿ ಉಳಿದ ಒಂದು ಹಿಡಿ ಹಳೆ ಗೋಧಿ ಮುಂದಿನ ಸರಕಿಗೆ ಹುಳ ಅಂಟಿಸಲು ಸಾಕು. ಇಲಿಗೂ ಮೊದಲು ಬೋನು, ಆಮೇಲೆ ಉಳಿದದ್ದು. ಸರಕಿಗೆ ಆಸರೆಯಾಗಿ ಕೊಡುವ ಮರದ ಹಲಗೆಗಳಿಗೆ ಗ್ಯಾಸ್ ಅಥವಾ ಶಾಖ ಎರಡೂ ನಡೆಯುತ್ತದೆ. ಮರದ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇದ್ದರೆ ಸಾಕು ಅನ್ನುವುದು ಅಂತಾರಾಷ್ಟ್ರೀಯ ನಿಯಮ. ಅಲ್ಲಿ ನಾನು ಶಾಖವನ್ನೇ ಆರಿಸುತ್ತೇನೆ.

ಮಾತ್ರೆ ಇಡುವ ಬಗೆ

ದಾರಿಯಲ್ಲಿ ಫಾಸ್ಫಿನ್ ಎಂದು ತೀರ್ಮಾನ ಆಯಿತು ಅನ್ನಿ. ಮಾತ್ರೆಯನ್ನು ಸರಕಿನ ಮೇಲೆ ಬಿಡಿಯಾಗಿ ಹರಡಬಹುದು, ಉದ್ದದ ಬಟ್ಟೆಚೀಲಗಳಲ್ಲಿ ತುಂಬಿ ಮಲಗಿಸಬಹುದು, ಇಲ್ಲವೇ ಚೀಲ ಇಟ್ಟು ಫ್ಯಾನಿನಿಂದ ಗ್ಯಾಸನ್ನು ಹೋಲ್ಡಿನೊಳಗೆ ಸುತ್ತಿಸಬಹುದು.

ಬಿಡಿಯಾಗಿ ಹರಡುವುದು ಅಗ್ಗ. ನನಗೆ ಅದು ಇಷ್ಟವಿಲ್ಲ. ಅವಸರದಲ್ಲಿ ಒಂದೇ ಕಡೆ ರಾಶಿ ಸುರಿದರೆ ಬಿಸಿಯೇರಿ ಗ್ಯಾಸ್ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ಗಾಳಿಯಲ್ಲಿ ಫಾಸ್ಫಿನ್ ನೂರಕ್ಕೆ 1.8 ಭಾಗ ದಾಟಿದರೆ ಸಿಡಿಯುವ ಮಟ್ಟ. ಮಾತ್ರೆಯ ಮೇಲೆ ನೀರು ಬಿದ್ದರೂ ಇದೇ ಗತಿ. ನಮ್ಮ ಜೂನ್ ತಿಂಗಳ ಮಳೆಯಲ್ಲಿ ಹ್ಯಾಚ್ ತೆರೆದು ಮಾತ್ರೆ ಹಾಕುವವರನ್ನು ಹಡಗಿನವರೇ ನಿಲ್ಲಿಸಬೇಕು. ಇನ್ನೊಂದು ತೊಂದರೆ, ಬಿಡಿ ಮಾತ್ರೆಯ ಪುಡಿಯನ್ನು ಆ ಕಡೆ ಬಂದರಿನಲ್ಲಿ ತೆಗೆಯಲಿಕ್ಕೆ ಆಗುವುದಿಲ್ಲ. ಸರಕಿನಲ್ಲೇ ಬೆರೆಯುತ್ತದೆ.

ಚೀಲದಲ್ಲಿಟ್ಟರೆ ಪುಡಿ ಚೀಲದಲ್ಲೇ ಉಳಿಯುತ್ತದೆ. ಎಣಿಸಿ ಇಟ್ಟು ಎಣಿಸಿ ತೆಗೆಯಬಹುದು. ಗೋಣಿಯಲ್ಲಿ ತುಂಬಿದ ಅಕ್ಕಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಬಿಡಿ ಗೋಧಿ ತುಂಬಿದ ದೊಡ್ಡ ಹೋಲ್ಡು ಹದಿನೆಂಟು ಮೀಟರ್ ಆಳವಿದ್ದರೆ ಮೇಲಿಟ್ಟ ಗ್ಯಾಸ್ ತಳ ಮುಟ್ಟಲು ವಾರಗಟ್ಟಲೆ ಬೇಕು. ಮುಟ್ಟುವಷ್ಟರಲ್ಲಿ ಬಲ ಕುಗ್ಗಿರುತ್ತದೆ. ಅಲ್ಲಿ ಫ್ಯಾನು, ಪೈಪಿನ ಪದ್ಧತಿಯೇ ಸರಿ. ತಳದಿಂದ ಗಾಳಿ ಎಳೆದು ಮೇಲೆ ಬಿಡುವುದರಿಂದ, ಅಥವಾ ಮೇಲಿನದ್ದನ್ನು ತಳಕ್ಕೆ ತಳ್ಳುವುದರಿಂದ, ಗ್ಯಾಸ್ ಕೆಲವೇ ದಿನಗಳಲ್ಲಿ ಸಮವಾಗಿ ಹರಡುತ್ತದೆ. ಖರ್ಚು ಜಾಸ್ತಿ. ಇದರಲ್ಲಿ ಒಂದು ವಿಷಯ ಮರೆಯಬಾರದು: ಪೈಪನ್ನು ಸರಕು ತುಂಬುವ ಮೊದಲೇ ಹೋಲ್ಡಿನ ಏಣಿಯ ಬದಿಗೆ ಕಟ್ಟಬೇಕು. ತುಂಬಿದ ಮೇಲೆ ನೆನಪಾದರೆ ಉಪಯೋಗವಿಲ್ಲ. ಹಾಗಾಗಿ ಈ ಆಯ್ಕೆಯನ್ನು ಹಡಗು ಖಾಲಿ ಬರುವಾಗಲೇ ಮಾಡಿರಬೇಕು.

ತೂತು ಹುಡುಕುವ ಕೆಲಸ

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಐದು ಹೋಲ್ಡಿನ ಹಡಗು. ಗೋಧಿ ತುಂಬಿ, ಚೀಲದಲ್ಲಿ ಮಾತ್ರೆ ಇಟ್ಟು ಹೊರಟಿದ್ದೆವು. ಎರಡನೇ ರಾತ್ರಿ. ನನ್ನ ವಾಚು, ಅಂದರೆ ಪಾಳಿ, ಬೆಳಗಿನ ಜಾವ 4ರಿಂದ 8. ಹಡಗು ನಡೆಸುವ ಕೋಣೆಗೆ, ಬ್ರಿಡ್ಜಿಗೆ, ಹತ್ತಿದಾಗ ಸೆಕೆಂಡ್ ಮೇಟ್ ಕುರ್ಚಿಯ ಹಿಂಭಾಗ ಹಿಡಿದುಕೊಂಡು ನಿಂತಿದ್ದ. ತಲೆನೋವು, ಎರಡು ಸಲ ವಾಂತಿ ಆಯಿತು ಎಂದ. ರಾತ್ರಿಯ ಮೀನು ಸಾರು ಆಗಲಿಲ್ಲವೇನೋ ಅಂತ ಅವನ ಲೆಕ್ಕ. ಜೊತೆಗಿದ್ದ ನಾವಿಕನ ಮುಖವೂ ಬಿಳಿಚಿತ್ತು. ಬಾಗಿಲು ಮುಚ್ಚಿದ ಕೋಣೆ. ಎರಡು ಹೆಜ್ಜೆ ಒಳಗಿಟ್ಟೆ, ಬಾಳೆಗೊನೆಯ ಕೋಣೆಯ ವಾಸನೆ ಸಣ್ಣದಾಗಿ ಮೂಗಿಗೆ ಬಂತು.

ಇಬ್ಬರನ್ನೂ ಹೊರಗೆ ಬ್ರಿಡ್ಜಿನ ಬದಿಯ ತೆರೆದ ಜಾಗಕ್ಕೆ ಎಳೆದೆ. ಎರಡೂ ಬಾಗಿಲು ತೆರೆದೆ. ಗ್ಯಾಸ್ ಅಳೆಯುವ ಗಾಜಿನ ಟ್ಯೂಬಿನಲ್ಲಿ ನೋಡಿದಾಗ ಮಿತಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಎಲ್ಲಿಂದ ಬಂತು? ಹೋಲ್ಡಿನಲ್ಲಿ ಹೊಗೆ ಬಂದರೆ ತಿಳಿಯಲಿ ಎಂದು ಪ್ರತಿ ಹೋಲ್ಡಿನಿಂದ ಒಂದು ಸಣ್ಣ ಪೈಪು ಬ್ರಿಡ್ಜಿನ ಪೆಟ್ಟಿಗೆಯವರೆಗೆ ಬಂದಿರುತ್ತದೆ. ಒಂದು ಫ್ಯಾನು ಹಗಲೂ ರಾತ್ರಿ ಹೋಲ್ಡಿನ ಗಾಳಿಯನ್ನು ಎಳೆದು ಮೂಸುತ್ತಿರುತ್ತದೆ. ಫ್ಯಾನನ್ನು ನಿಲ್ಲಿಸಿದ್ದರು. ಮೂರನೇ ಹೋಲ್ಡಿನ ಪೈಪಿನ ವಾಲ್ವ್ ಕೂಡ ಮುಚ್ಚಿತ್ತು. ಆದರೆ ಆ ವಾಲ್ವ್ ಸೋರುತ್ತಿತ್ತು. ಪೈಪನ್ನು ಬಿಚ್ಚಿ ಅಡ್ಡಕ್ಕೆ ತಗಡಿನ ಬ್ಲ್ಯಾಂಕ್ ಹಾಕಬೇಕಿತ್ತು. ತಯಾರಿಯ ಪಟ್ಟಿಗೆ ಸಹಿ ಹಾಕಿದವನು ನಾನೇ. ವಾಲ್ವ್ ತಿರುಗಿಸಿ ನೋಡಿದ್ದೆ, ಬ್ಲ್ಯಾಂಕ್ ಹಾಕಿಸಿರಲಿಲ್ಲ. ಅಂದಿನಿಂದ ವಾಲ್ವನ್ನು ನಂಬುವುದು ಬಿಟ್ಟೆ.

ಆ ಇಬ್ಬರನ್ನೂ ಎರಡು ದಿನ ಕಣ್ಣಿಟ್ಟು ನೋಡಿಕೊಂಡೆವು. ಫಾಸ್ಫಿನ್ ಉಸಿರಿನಲ್ಲಿ ಎಳೆದುಕೊಂಡವರಿಗೆ ಮೊದಲು ಸುಧಾರಿಸಿದಂತೆ ಕಂಡರೂ ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಶುದ್ಧ ಗಾಳಿ, ಆಮ್ಲಜನಕ, ರೇಡಿಯೋದಲ್ಲಿ ಡಾಕ್ಟರ ಸಲಹೆ, ಅಷ್ಟೇ ನಮ್ಮ ಕೈಯಲ್ಲಿರುವುದು. ಇಬ್ಬರೂ ಉಳಿದರು. ಬೇರೆ ಹಡಗುಗಳಲ್ಲಿ ಎಲ್ಲರೂ ಉಳಿದಿಲ್ಲ. ಗ್ಯಾಸ್ ಹಾಕಿದ ಹಡಗಿನಲ್ಲಿ ಯಾರಿಗಾದರೂ ತಲೆನೋವು, ವಾಂತಿ, ಎದೆ ಬಿಗಿತ ಬಂದರೆ ಅದನ್ನು ಊಟದ್ದು, ಕಡಲ ಕಾಯಿಲೆ ಅಂತ ಬಿಡಬೇಡಿ. ಮೊದಲು ಗ್ಯಾಸ್ ಅಂತಲೇ ಎಣಿಸಿ ಅಳೆಯಿರಿ.

ಹಾಗಾದರೆ ತೂತು ಎಲ್ಲೆಲ್ಲಿ? ಹ್ಯಾಚ್ ಕವರಿನ ರಬ್ಬರ್, ಅದರ ಪಕ್ಕದ ನೀರು ಹೋಗುವ ಕಿಂಡಿ, ವೆಂಟಿಲೇಟರಿನ ಮುಚ್ಚಳ, ಇಳಿಯುವ ಮ್ಯಾನ್‌ಹೋಲ್, ತಳದಲ್ಲಿ ನೀರು ಸೇರುವ ಬಿಲ್ಜಿನ ಪೈಪು, ಅಳತೆಯ ಪೈಪು, ವೈರು ಹಾಯುವ ಕೊಳವೆ, ಹಡಗಿನ ತಳದ ಸುರಂಗ. ಎರಡು ಹ್ಯಾಚ್‌ಗಳ ನಡುವಿನ ಸ್ಟೋರ್ ರೂಮು ಮೋಸಗಾರ ಜಾಗ. ಅದರ ಗೋಡೆಯ ಒಂದು ತುಕ್ಕು ಹಿಡಿದ ಸಂದು ಸಾಕು. ಬಣ್ಣದ ಡಬ್ಬಿ ತರಲು ಹೋದವನು ಅಲ್ಲೇ ಬೀಳುತ್ತಾನೆ. ಆ ಸ್ಟೋರುಗಳಿಗೆ ಬೀಗ ಹಾಕಿ, ಬೇಕಾದ ಸಾಮಾನು ಮೊದಲೇ ಹೊರಗೆ ತೆಗೆದಿಡಿ. ಹೊಗೆಯ ಪೈಪಿನಲ್ಲೇ ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಹೋಗುವ ಹಡಗೂ ಇದೆ. ಬ್ಲ್ಯಾಂಕ್ ಹಾಕಿದ್ದು ಯಾರು, ಬೆಂಕಿ ಬಿದ್ದರೆ ತೆಗೆಯುವುದು ಯಾರು ಎಂದು ಬರೆದಿಡಿ.

ಹ್ಯಾಚ್ ಪರೀಕ್ಷೆಗೆ ಮೂರು ದಾರಿಗಳಿವೆ. ರಬ್ಬರ್ ತಾಗುವ ಅಂಚಿಗೆ ಚಾಕ್ ಬಳಿದು ಮುಚ್ಚಿದರೆ, ತಾಗಿತೋ ಇಲ್ಲವೋ ಗೊತ್ತಾಗುತ್ತದೆ, ಎಷ್ಟು ಬಿಗಿ ಎಂದು ಗೊತ್ತಾಗುವುದಿಲ್ಲ. ಪೈಪಿನಲ್ಲಿ ನೀರು ಹೊಡೆಯುವುದು ಖಾಲಿ ಹೋಲ್ಡಿಗೆ ಮಾತ್ರ. ಅಲ್ಟ್ರಾಸೋನಿಕ್ ಯಂತ್ರವನ್ನು ಸರಕು ಇದ್ದಾಗಲೂ ಬಳಸಬಹುದು, ಸೋರುವ ಜಾಗವನ್ನು ಗೇಣಿನಳತೆಯಲ್ಲಿ ತೋರಿಸುತ್ತದೆ. ಹಣ ಇದ್ದರೆ ಅದನ್ನೇ ಮಾಡಿಸಿ. ಆದರೆ ನೀರು ಬರದ ಸಂದಿನಲ್ಲೂ ಗ್ಯಾಸ್ ಹೋಗುತ್ತದೆ. ಹಾಗಾಗಿ ಪರೀಕ್ಷೆ ಪಾಸಾದರೂ ಮೇಲೆ ಟೇಪ್ ಹಚ್ಚಬೇಕು. ಟೇಪ್ ಒಣಗಿದ, ಧೂಳಿಲ್ಲದ ಕಬ್ಬಿಣಕ್ಕೆ ಮಾತ್ರ ಹಿಡಿಯುತ್ತದೆ. ಗೋಧಿಯ ಧೂಳು ಒರೆಸದೆ ಹಚ್ಚಿದರೆ ಮೊದಲ ಅಲೆಗೇ ಏಳುತ್ತದೆ. ನಮ್ಮ ಬೋಸನ್ (ಡೆಕ್ಕಿನ ನಾವಿಕರ ಮೇಸ್ತ್ರಿ) ಒಬ್ಬ ಹಳೆ ಲುಂಗಿಯ ತುಂಡಿನಿಂದ ಅಂಗುಲ ಅಂಗುಲ ಒರೆಸುತ್ತಾ, ಹಿಂದಿನಿಂದ ಹೆಬ್ಬೆರಳಿನಲ್ಲಿ ಟೇಪ್ ಒತ್ತುತ್ತಾ ಹೋಗುತ್ತಿದ್ದ. ಒಂದು ಹ್ಯಾಚಿಗೆ ಅರ್ಧ ದಿನ ಹಿಡಿಯುತ್ತಿತ್ತು. ಅವನ ಟೇಪ್ ಎದ್ದದ್ದನ್ನು ನಾನು ನೋಡಲಿಲ್ಲ.

ಅಳೆಯುವ ಯಂತ್ರ, ಜನ, ಕಾಗದ

2016ರ ಜುಲೈ 1ರಿಂದ ಪ್ರತಿ ಹಡಗಿನಲ್ಲೂ ಗಾಳಿ ಅಳೆಯುವ ಕೈ ಮೀಟರ್ ಇರಲೇಬೇಕು. ಅದು ಆಮ್ಲಜನಕ, ಹೊತ್ತಿಕೊಳ್ಳುವ ಗ್ಯಾಸ್, ಕಾರ್ಬನ್ ಮೋನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅಳೆಯುತ್ತದೆ. ಫಾಸ್ಫಿನ್ ಅಳೆಯುವುದಿಲ್ಲ. "ನಮ್ಮ ಹತ್ತಿರ ಮೀಟರ್ ಇದೆ" ಅಂದವರನ್ನು ಇದೊಂದು ಪ್ರಶ್ನೆ ಕೇಳಿ. ಫಾಸ್ಫಿನ್‌ಗೆಂದೇ ಗಾಜಿನ ಟ್ಯೂಬ್ ಅಥವಾ ಎಲೆಕ್ಟ್ರಾನಿಕ್ ಮೀಟರ್ ಬೇಕು. ಟ್ಯೂಬ್ ಸರಳ, ಬ್ಯಾಟರಿ ಬೇಡ. ಆದರೆ ಒಂದು ಟ್ಯೂಬ್ ಒಂದೇ ಸಲಕ್ಕೆ, ಮತ್ತು ಅದಕ್ಕೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಎಲೆಕ್ಟ್ರಾನಿಕ್ ಮೀಟರ್ ನಿರಂತರ ಕಾಯುತ್ತದೆ, ಶಬ್ದ ಮಾಡಿ ಎಬ್ಬಿಸುತ್ತದೆ. ಅದನ್ನು ಸಮಯಕ್ಕೆ ಸರಿಯಾಗಿ ಕ್ಯಾಲಿಬ್ರೇಟ್ ಮಾಡಿಸಿರಬೇಕು. ನನ್ನನ್ನು ಕೇಳಿದರೆ ಮಲಗುವ ಕಡೆಗೆ ಎಲೆಕ್ಟ್ರಾನಿಕ್, ಖಚಿತ ಮಾಡಿಕೊಳ್ಳಲು ಟ್ಯೂಬ್. ಎಂಟು ಗಂಟೆ ಕೆಲಸಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಮಿತಿ 0.3 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.3 ಭಾಗ. ಇನ್ನೂ ಬಿಗಿಯಾದ ಮಿತಿ ಇಟ್ಟ ದೇಶಗಳಿವೆ, ಇದ್ದಲ್ಲಿ ಅದನ್ನೇ ಹಿಡಿಯಿರಿ.

ಆ 2008ರ ಸುತ್ತೋಲೆಯ ಪ್ರಕಾರ ದಾರಿಯಲ್ಲಿ ಗ್ಯಾಸ್ ಇರುವ ಹಡಗಿನಲ್ಲಿ ತರಬೇತಿ ಪಡೆದವರು ಕಡಿಮೆ ಅಂದರೂ ಇಬ್ಬರು ಬೇಕು, ಅವರಲ್ಲಿ ಒಬ್ಬ ಆಫೀಸರ್. ಉಸಿರಾಟದ ರಕ್ಷಣೆಯ ಸೆಟ್ ನಾಲ್ಕು. ಕ್ಯಾಬಿನ್, ಮೆಸ್, ಎಂಜಿನ್ ರೂಮು, ಬ್ರಿಡ್ಜು ಎಲ್ಲ ಕಡೆ ಎಂಟು ಗಂಟೆಗೊಮ್ಮೆಯಾದರೂ ಅಳೆದು ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಮಾತ್ರೆ ಇಟ್ಟ ಕೂಡಲೇ ಫ್ಯುಮಿಗೇಟರ್ ಲಾಂಚ್ ಹತ್ತಿ ಹೊರಡಲು ನೋಡುತ್ತಾನೆ. ಬಿಡಬೇಡಿ. ಗ್ಯಾಸ್ ಏರಲು ಗಂಟೆಗಳು ಬೇಕು, ಸೋರಿಕೆ ಗೊತ್ತಾಗುವುದೂ ಆಗಲೇ. ಅಲ್ಲಿಯವರೆಗೆ ಅವನು ನಿಮ್ಮ ಜೊತೆ ಸುತ್ತಿ ಅಳೆಯಬೇಕು.

ಫ್ಯುಮಿಗೇಟರನ್ನು ಆರಿಸುವಾಗ ದರ ಕೇಳುವ ಮೊದಲು ಕಾಗದ ಕೇಳಿ. 1968ರ ಕೀಟನಾಶಕ ಕಾಯ್ದೆಯಡಿ ಲೈಸೆನ್ಸ್ ಇದೆಯಾ, ಕೇಂದ್ರದ ಸಸ್ಯ ಸಂರಕ್ಷಣೆ, ಕ್ವಾರಂಟೈನ್ ಮತ್ತು ಸಂಗ್ರಹ ನಿರ್ದೇಶನಾಲಯದ ಮಾನ್ಯತೆ ಇದೆಯಾ, ಯಾವ ಗ್ಯಾಸಿಗೆ ಇದೆ ಎಂದು ನೋಡಿ. ಹ್ಯಾಚ್ ನೋಡದೆ ಫೋನಿನಲ್ಲೇ ಮಾತ್ರೆಯ ಲೆಕ್ಕ ಹೇಳುವವನಿಗಿಂತ, ಒಂದು ದಿನ ಮೊದಲು ಬಂದು ಟಾರ್ಚ್ ಹಿಡಿದು ಹೋಲ್ಡಿಗೆ ಇಳಿಯುವವನು ಮೇಲು. ಅವನು ಎರಡು ಕಾಸು ಜಾಸ್ತಿ ಕೇಳಿದರೂ ಕೊಡಿ.

ಇಳಿಸುವಾಗ

2012ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನ ವಾರೆನ್‌ಪಾಯಿಂಟ್ ಬಂದರಿನಲ್ಲಿ ಆರ್ಕ್ಲೋ ಮೆಡೋ ಎಂಬ ಹಡಗಿನಿಂದ ಮೆಕ್ಕೆಜೋಳ ಇಳಿಸುವಾಗ ಫಾಸ್ಫಿನ್ ಹೊರಬಂತು. ಪ್ರಯಾಣ ಮುಗಿದರೂ ಗ್ಯಾಸ್ ಬಿಟ್ಟು ಮುಗಿಯದ ಮಾತ್ರೆ ಉಳಿದಿತ್ತು. ದಾರಿ ಮುಗಿಯಿತು ಎಂದು ಗ್ಯಾಸ್ ಮುಗಿಯುವುದಿಲ್ಲ.

ಬಂದರಿಗೆ 24 ಗಂಟೆ ಮೊದಲೇ ತಿಳಿಸಿ: ಯಾವ ಗ್ಯಾಸ್, ಯಾವ ದಿನ, ಯಾವ ಹೋಲ್ಡು, ಎಷ್ಟು ಚೀಲ. ಹ್ಯಾಚ್ ತೆಗೆದು ಗಾಳಿ ಆಡಲು ಬಿಡಿ. ಮೇಲೆ ಸೊನ್ನೆ ತೋರಿಸಿದರೂ ಕಾಳಿನ ನಡುವೆ ಗ್ಯಾಸ್ ಕೂತಿರುತ್ತದೆ. ಕಾಳು ಎತ್ತುವ ಕ್ರೇನಿನ ಗ್ರ್ಯಾಬ್ ಅಗೆದಂತೆ ಅದು ಹೊರಗೆ ಬರುತ್ತದೆ. ಹಾಗಾಗಿ ಮೊದಲ ಪದರ ತೆಗೆದ ಮೇಲೆ ಮತ್ತೆ ಅಳೆಯಬೇಕು, ತಳದ ಹತ್ತಿರ ಬಂದಾಗ ಮತ್ತೊಮ್ಮೆ. ತೆಗೆದ ಚೀಲವನ್ನು ಮುಚ್ಚಿದ ಡ್ರಮ್ಮಿಗಾಗಲಿ, ಕಸದ ಡಬ್ಬಿಗಾಗಲಿ ಹಾಕಬೇಡಿ, ನೀರಿಗಂತೂ ಬೇಡ. ಅದನ್ನು ಸರಿಯಾಗಿ ಮುಗಿಸುವುದು ಆ ಬಂದರಿನ ಫ್ಯುಮಿಗೇಟರ್ ಕೆಲಸ.

ಹುಡುಗ ಹಡಗು ಸೇರಿ ಎರಡು ತಿಂಗಳ ಮೇಲೆ ಫೋನ್ ಮಾಡಿದ. ಚೀಲ ಎಣಿಸುವ ಕೆಲಸ ಅವನಿಗೆ ಬಂದಿತ್ತಂತೆ. ನಾಲ್ಕನೇ ಹೋಲ್ಡಿನಲ್ಲಿ ಇಟ್ಟದ್ದು 40, ಸಿಕ್ಕಿದ್ದು 39. ಕೆಲಸಗಾರರು ಇಳಿಯಲು ಏಣಿಯ ಹತ್ತಿರ ನಿಂತಿದ್ದರು. "ಏನು ಮಾಡಿದೆ?" ಅಂತ ಕೇಳಿದೆ. "ಇಳಿಯಲಿಕ್ಕೆ ಬಿಡ್ಲಿಲ್ಲ ಮಾವ. ಒಂದೂವರೆ ಗಂಟೆ ಹುಡುಕಿದೆವು. ಹಿಂದಿನ ಮೂಲೆಯಲ್ಲಿ ಕಾಳಿನ ಅಡಿಗೆ ಹೋಗಿತ್ತು" ಎಂದ.